ಮಗ್ಗದ ಮುಂದಿನ ನೀಲಿ ತಾಡಪತ್ರಿ

ಸಾಹುಕಾರರು ಸೀರೆಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹರವಿ ನಕ್ಕರು. ನಮಗೆ ನೂಲು ಕೊಟ್ಟು ಸೀರೆ ಒಯ್ಯುವವರು ಅವರು. ಮೆರೂನ್ ಒಡಲಿನ ನಡುವೆ ಗೇಣಗಲದ ಕಪ್ಪು ಪಟ್ಟೆ ಬಿದ್ದಿತ್ತು.

“ಯಕ್ಕಾ, ಇನ್ನ ಮಗ್ಗ ಬಿಡ್ರಿ. ನಿಮ್ಮ ಕಣ್ಣ ಹ್ವಾದ್ವು.”

ಸೀರೆ ನೇಯ್ದ ಅವ್ವನಿಗೆ ಅವರು ಅಂದ ಮಾತಿದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬಣ್ಣದ ತಕರಾರು ಬಂದರೆ ಜನ ನೂಲು ಹಿಡಿದು ಅವಳ ಹತ್ತಿರವೇ ಬರುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಸಾಹುಕಾರರು ಹೋದ ಮೇಲೆ ಲಾಳಿಯಲ್ಲಿಡುವ ಎರಡು ನೂಲಿನ ಕಂಡಿಕೆ ಎತ್ತಿಕೊಂಡು ಮಗ್ಗದ ಪಕ್ಕ ನಿಂತೆ. ಒಂದು ಒಡಲಿನ ಮೆರೂನ್, ಇನ್ನೊಂದು ಸೆರಗಿನ ಕಪ್ಪು. ಎರಡೂ ಒಂದೇ ಕಂಡವು. ಅಂಗಳದ ಬಿಸಿಲಿಗೆ ಬಂದೆ; ಬೇರೆಯಾದವು. ತಿರುಗಿ ನೋಡಿದರೆ ಮಗ್ಗದ ಮೇಲೆಲ್ಲ ನಾನೇ ಕಟ್ಟಿಸಿದ ನೀಲಿ ತಾಡಪತ್ರಿಯ ನೆರಳು.

ಅದನ್ನು ಕಟ್ಟಿಸುವಾಗ ಮಗ್ಗದ ಮುಂದಿನ ಕಬ್ಬಿಣದ ಚೌಕಟ್ಟು ಗಟ್ಟಿಯಾಗಿತ್ತು. ಅದರ ಮೇಲಿನ ಬಿಳಿ ಕ್ಯಾನ್ವಾಸ್ ಮಾತ್ರ ಚಿಂದಿಯಾಗಿತ್ತು. ತಾಡಪತ್ರಿ ಹೊಲಿಯುವವನು, “ಬಿಳೀದು ಬ್ಯಾಡ್ರೀ ಮೇಡಂ, ಹೊಲಸು ಕಾಣ್ತೈತಿ,” ಎಂದ. ನೇಕಾರರ ಮನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಎಂ.ಎ. ಮಾಡಿ ಬಂದ ನಾನು ತಲೆಯಾಡಿಸಿದೆ.

ಈಗ ಅವನಿಗೆ ಫೋನ್ ಮಾಡಿ ಬೈದೆ. “ನನಗೇನ್ ಗೊತ್ರೀ? ಮಗ್ಗ ನಿಮ್ಮನ್ಯಾಗ ಐತಿ, ನನ್ನ ಮನ್ಯಾಗಲ್ಲ,” ಎಂದು ಇಟ್ಟುಬಿಟ್ಟ. ಸಿಟ್ಟು ಅವ್ವನ ಕಡೆ ತಿರುಗಿತು.

“ನೀನೂ ಹೂಂ ಅಂದಿದ್ದಿ.”

“ನಾ ಎಲ್ಲಿ ಅಂದ್ನಿ? ಬೆಳಕ ಕೆಡತೈತಿ ಅಂದೆ. ನೀ ಕೇಳಿದ್ರ ಅಲ್ಲೇನು!”

ಅವಳು ಹೂಂ ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು, ಕೈ ಒರೆಸಿಕೊಳ್ಳುತ್ತ ನಿಂತ ಭಂಗಿಯ ಸಮೇತ. ಗೆಲ್ಲಬೇಕೆಂದೇ ದಿನಚರಿ ತೆಗೆದೆ. ಚೌಕಟ್ಟಿನ ಉದ್ದಗಲ ಬರೆದಿದ್ದೆ, ಬಣ್ಣ ಬರೆದಿದ್ದೆ, ಹೊಲಿಯುವವನ ಮಾತೂ ಇತ್ತು. ಅವ್ವನದು ಒಂದಕ್ಷರವಿಲ್ಲ. ಅವಳು ಏನಂದಳೋ ಅದರಿಂದ ತಿಳಿಯದು. ನಾನು ಯಾರ ಮಾತು ಕೇಳಿಸಿಕೊಂಡೆ ಎಂಬುದು ತಿಳಿಯುತ್ತದೆ. ಆ ಕೈ ಒರೆಸಿಕೊಳ್ಳುವ ಭಂಗಿಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೇ?

ನಾಚಿಕೆಯೋ ರೋಷವೋ, ಸ್ಟೂಲ್ ಹತ್ತಿ ತಾಡಪತ್ರಿಯ ಹಗ್ಗಕ್ಕೆ ಕುಡುಗೋಲು ಹಚ್ಚಿದೆ.

“ಕೊಯ್ಯಬ್ಯಾಡ!” ಅವ್ವ ಕೂಗಿದಳು. ಎರಡೂ ಕಂಡಿಕೆ ಅವಳ ಮುಷ್ಟಿಯಲ್ಲಿದ್ದವು. “ಮೊದ್ಲ ಸಾವಕಾರ್ನ ಕರ್ಕೊಂಡ ಬಾ. ಇದರ ಕೆಳಗ ಕುಂದ್ರಿಸಿ ಕೇಳ್ತೀನಿ, ಮೆರೂನ್ ಯಾವುದು, ಕರೇದು ಯಾವುದು ಅಂತ. ಯಾರ ಕಣ್ಣ ಹೋಗ್ಯಾವು ನೋಡೂಣು. ಆಮ್ಯಾಲ ಬಿಳೀದು ಕಟ್ಟಸು.”

ಕುಡುಗೋಲು ಕೆಳಗಿಟ್ಟು ಸಾಹುಕಾರರ ಮನೆಯ ಕಡೆ ಹೊರಟೆ.