ಹದಿನೇಳೂ ಹತ್ತರ ರೈಲು

ಟಿಕೆಟ್ಟಿನಲ್ಲಿ 17:10 ಎಂದು ಅಚ್ಚು ಹಾಕುವವರನ್ನು ಒಂದು ಮಾತು ಕೇಳಬೇಕು. ಪಕ್ಕದಲ್ಲೇ ‘ಸಂಜೆ 5:10’ ಎಂದೂ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಾವು ಬಸ್ಸಿನ ಜನ. ಮಧುಗಿರಿ, ಕೊರಟಗೆರೆ ಕಡೆಯವರು ರೈಲು ಹತ್ತಬೇಕೆಂದರೆ ಹಿಂದೂಪುರಕ್ಕೋ ತುಮಕೂರಿಗೋ ಹೋಗಬೇಕು. ನಮ್ಮ ಬಾಯಲ್ಲಿ ಹನ್ನೆರಡಾದ ಮೇಲೆ ಒಂದೇ ಬರುವುದು, ಹದಿಮೂರಲ್ಲ.

ನನ್ನ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಮರೆವಿನ ಕಾಯಿಲೆ ಶುರುವಾಗಿತ್ತು. ಮಗಳು ಅವಳನ್ನು ಸೊಲ್ಲಾಪುರದಿಂದ ಕರೆತಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದಳು. ಇನ್ನು ಮುಖಗಳ ಗುರುತೂ ಹೋಗುತ್ತದೆ, ನೋಡಬೇಕಾದವರು ಬೇಗ ನೋಡಿಬಿಡಿ ಎಂದರಂತೆ ಡಾಕ್ಟರು. ಮರುದಿನವೇ ತಾಯಿ ಮಗಳು ರೈಲಿನಲ್ಲಿ ಸೊಲ್ಲಾಪುರಕ್ಕೆ ವಾಪಸ್ ಹೊರಟರು. ಆ ರೈಲು ಹಿಂದೂಪುರದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಡವನಹಳ್ಳಿಯಲ್ಲಿದ್ದ ಅಮ್ಮನಿಗೆ ಅಷ್ಟೇ ಸಾಕಿತ್ತು. ಅಕ್ಕನಿಗೆ ತನ್ನ ಗುರುತಿರುವಾಗಲೇ ಒಂದು ಸಲ ಮಾತಾಡಿಸಬೇಕು, ದಾರಿಗೆ ಬುತ್ತಿ ಕೊಡಬೇಕು. ರೊಟ್ಟಿ ಬಡಿದು, ಹುಚ್ಚೆಳ್ಳು ಪುಡಿ ಕಟ್ಟಿಕೊಂಡು, ಬೆಳಗ್ಗೆಯೇ ಸೀರೆ ಉಟ್ಟು ತಯಾರಾಗಿ ಕೂತಳು. ನಾನೂ ಗಂಡನ ಮನೆಯಿಂದ ಬಂದಿದ್ದೆ.

ಬೆಂಗಳೂರಿನಿಂದ ನೇರ ಸೀಟು ಸಿಗದೆ ಹಿಂದೂಪುರದಿಂದ ಮುಂದಕ್ಕೆ ಬೇರೆ ಟಿಕೆಟ್ಟು ಮಾಡಿಸಿದ್ದರು. ಅದರ ಫೋಟೋ ಬಂದದ್ದು ಅಣ್ಣನ ಫೋನಿಗೆ. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಎಲ್ಲ ಬಲ್ಲವನು, ಇನ್ನೊಬ್ಬರಿಗೆ ಯಾಕೆ ತೋರಿಸುತ್ತಾನೆ?

“ರೈಲು ಸಾಯಂಕಾಲ ಏಳೂ ಹತ್ತಕ್ಕೆ ಕಣಮ್ಮ. ಈಗ್ಲೇ ಹೋಗಿ ಅಲ್ಲೇನ್ ಮಾಡ್ತೀಯ?”

“ಬೇಗ್ನೆ ಹೋಗಿ ಕೂತ್ಕಳಾನ ಕಣಪ್ಪ. ರೈಲು ನಮಗೋಸ್ಕರ ಕಾಯ್ತದಾ?”

“ಸುಮ್ಕಿರಮ್ಮ, ನಿಂಗ್ ಗೊತ್ತಾಗಲ್ಲ.”

ಅಮ್ಮ ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟಳು. ಮಗ ಹೇಳಿದ ಮೇಲೆ ಮುಗಿಯಿತು.

ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ, ಮೂವರೂ ಹಿಂದೂಪುರದ ದಾರಿಯ ಕೊಡಿಗೇನಹಳ್ಳಿ ತಲುಪಿದ್ದೆವು. ಡ್ರೈವರು ಟೀ ಕುಡಿಯಲು ಇಳಿದಿದ್ದ. ಅಷ್ಟರಲ್ಲಿ ಅಣ್ಣನ ಫೋನು ಹೊಡೆದುಕೊಂಡಿತು. ದೊಡ್ಡಮ್ಮನ ಮಗಳು.

“ಎಲ್ಲಿದೀರಾ? ಹಿಂದೂಪುರ ಬಂತು! ಅಮ್ಮ ಬಾಗ್ಲಾಗೇ ನಿಂತವ್ಳೆ, ಒಳಕ್ಕೆ ಬಾ ಅಂದ್ರೆ ಬರ್ತಿಲ್ಲ.”

ಅಣ್ಣನ ಮುಖ ಪೆಚ್ಚಾಯಿತು. ಅಮ್ಮ ಫೋನು ಕಿತ್ತುಕೊಂಡಳು. ಆ ಕಡೆಯಿಂದ ದೊಡ್ಡಮ್ಮನ ದನಿ ನನಗೂ ಕೇಳಿತು. “ಬಂದ್ಯೇನೇ? ಕಾಣ್ತಿಲ್ವಲ್ಲೇ ನೀನು.”

“ಬಂದೆ ಕಣಕ್ಕಾ, ಬಂದ್ಬುಟ್ಟೆ,” ಎಂದಳು ಅಮ್ಮ, ನಿಂತ ಬಸ್ಸಿನಲ್ಲಿ ಎದ್ದು ನಿಂತು. ಫೋನಿನಲ್ಲಿ ರೈಲು ಕೂಗಿತು. ಆಮೇಲೆ ಲೈನು ಕಟ್ಟಾಯಿತು.

ಆಗ ನಾನು ಫೋನು ಇಸಿದುಕೊಂಡು ಟಿಕೆಟ್ಟು ನೋಡಿದೆ. “ಅಣ್ಣಾ, ಹದಿನೇಳು ಅಂದ್ರೆ ಐದು!”

“ಮುಂದೈತಲ್ಲ ಒಂದು, ಅದು ಸಾಯಂಕಾಲ ಅಂತ ಗುರ್ತು. ಅದನ್ನ ಬಿಟ್ರೆ ಏಳೇ ತಾನೆ?” ಎಂದ. ರೈಲು ಹೋದ ಮೇಲೂ!

ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿಲ್ಲ ಎನ್ನಲು ಅವನಿಗೆ ಏನು ಧಾಡಿ? ಪಕ್ಕದಲ್ಲೇ ಕೂತ ತಂಗಿಯನ್ನು ಕೇಳಿದ್ದರೆ ಅವನ ಮೀಸೆ ಮಣ್ಣಾಗುತ್ತಿತ್ತೇ? ಇವತ್ತಿಗೂ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ವಿಷಯ ತಿಳಿದ ನೆಂಟರೊಬ್ಬರು ನಕ್ಕರು. ಹನ್ನೆರಡು ಕಳೆಯಲೂ ಬರುವುದಿಲ್ಲವೇ ಎಂದರು. ಗೊಂದಲವಾಗಬಾರದೆಂದೇ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಇಟ್ಟಿರುವುದು ಎಂದು ಪಾಠವನ್ನೂ ಹೇಳಿದರು. ಯಾರಿಗೆ ಗೊಂದಲವಾಗಬಾರದು? ರೈಲು ಓಡಿಸುವವರಿಗೆ. ಸರಿ, ಅವರ ಲೆಕ್ಕ ಅವರಿಟ್ಟುಕೊಳ್ಳಲಿ. ಟಿಕೆಟ್ಟು ಓದುವವರು ನಾವಲ್ಲವೇ? ಪರೀಕ್ಷೆ ಬರೆಯಲು ಕೂತಿದ್ದೇವೆಯೇ?

ಯುಗಾದಿ ಕಳೆದ ಮೇಲೆ ಅಮ್ಮನನ್ನು ನಾನೇ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಮ್ಮನ ಮುಖವನ್ನೇ ದಿಟ್ಟಿಸಿ ನೋಡಿದಳು.

“ಯಾವೂರಮ್ಮ?”

“ಬಡವನಹಳ್ಳಿ,” ಎಂದಳು ಅಮ್ಮ, ಕಷ್ಟಪಟ್ಟು.

“ನನ್ ತಂಗೀನೂ ಅಲ್ಲೇ ಇರೋದು. ರೈಲಿನ ತಾವ ಬರ್ತೀನಿ ಅಂದಿದ್ಲು. ಬಾಗ್ಲಾಗೆ ನಿಂತು ನೋಡ್ದೆ, ನೋಡ್ದೆ. ಬರ್ಲೇ ಇಲ್ಲ. ನನ್ಮೇಲೆ ಏನೋ ಕೋಪ ಅವಳಿಗೆ.”

ಅಮ್ಮ ಅವಳ ಕೈ ಹಿಡಿದುಕೊಂಡು, “ಇಲ್ಲ ಕಣಕ್ಕಾ,” ಎಂದಳು.

“ನಿಂಗೇನ್ ಗೊತ್ತು?” ಎಂದು ದೊಡ್ಡಮ್ಮ ಕೈ ಬಿಡಿಸಿಕೊಂಡಳು.