ಶಹರ್ ಬಾನು ಕೊರಿಯನ್‌ನಲ್ಲಿ ಬರೆದ ಎರಡು ಸಾಲು

ತಿಪಟೂರಿನ ಟೈಲರ್ ಶಹರ್ ಬಾನು ಹಟ ಹಿಡಿದರೆ ಮುಗಿಯಿತು, ದೇವರು ಬಂದು ಹೇಳಿದರೂ ಕೇಳುವವಳಲ್ಲ. ಕೊರಿಯಾದಲ್ಲಿ ಸೂನ್‌ಹೀಯ ತಾಯಿ ತೀರಿಕೊಂಡರೆಂದು ಗೊತ್ತಾದಾಗ, "ಅವಳ ಭಾಷೇಲೇ ಎರಡು ಸಾಲು ನಾನೇ ಬರೀಬೇಕು" ಎಂದು ಹೊಲಿಯುವುದನ್ನು ಬಿಟ್ಟು ಕೂತಳು.

ಸೂನ್‌ಹೀ ತೆಂಗಿನ ನಾರಿನ ಕೆಲಸ ಕಲಿಯಲು ಬಂದು, ಬಾನುವಿನ ಮಹಡಿಯ ರೂಮಿನಲ್ಲಿ ವರ್ಷವಿಡೀ ಇದ್ದ ಹುಡುಗಿ. ಹರಕುಮುರುಕು ಕನ್ನಡ ಕಲಿತಳು, ಬಾನುಗೆ ತನ್ನ ಭಾಷೆಯ ಅಕ್ಷರಗಳನ್ನೂ ನಾಲ್ಕು ಮಾತನ್ನೂ ಕಲಿಸಿದಳು. ಮಗಳನ್ನು ನೋಡಲು ಬಂದಿದ್ದ ತಾಯಿಗೆ ಬಾನುವೇ ಅಳತೆ ತೆಗೆದು ಚೂಡಿದಾರ ಹೊಲಿದುಕೊಟ್ಟಿದ್ದಳು.

"ಅಮ್ಮೀ, ಕನ್ನಡದಲ್ಲೇ ಕಳ್ಸು, ಅವರಿಗೆ ಅರ್ಥ ಆಗುತ್ತೆ" ಅಂದಳು ಮಗಳು ಮೆಹರೀನ್.

ಬಾನು ಒಪ್ಪಲಿಲ್ಲ. ಅವಳ ಸ್ವಂತ ತಾಯಿ ಹೋದಾಗ ಪಕ್ಕದ ಮನೆ ಗುರುಸಿದ್ದಮ್ಮ, ಉರ್ದುವಿನ ಗಂಧಗಾಳಿಯೂ ಇಲ್ಲದ ಹೆಂಗಸು, ಯಾರನ್ನೋ ಕೇಳಿ ಕಲಿತು ಬಂದು "ಸಬರ್ ಕರೋ ಬಾನು", ಸಮಾಧಾನ ಮಾಡ್ಕೋ, ಎಂದು ತೊದಲಿ, ದಿನವೆಲ್ಲ ಪಕ್ಕದಲ್ಲೇ ಕೂತಿದ್ದಳು. ಬಾನು ಅದನ್ನು ಮರೆತಿಲ್ಲ.

"ಸಾವಾದ ಮನೆಯೋರ ಪಕ್ಕದಲ್ಲಿ ಕೂರ್ಬೇಕು ಕಣೇ. ಅಷ್ಟು ದೂರ ಹೋಗಿ ಕೂರಕ್ಕಂತೂ ಆಗಲ್ಲ, ಮಾತಾದ್ರೂ ಅವಳದ್ದಾಗಿರ್ಲಿ."

ಮೆಹರೀನ್ ಕಂಪ್ಯೂಟರಿಗೆ ಕೊರಿಯನ್ ಹಾಕಿ, ಪ್ರತಿ ಕೀ ಮೇಲೂ ಇಂಗ್ಲಿಷ್ ಅಕ್ಷರದ ಪಕ್ಕಕ್ಕೆ ಕೊರಿಯನ್ ಅಕ್ಷರದ ಸ್ಟಿಕರ್ ಅಂಟಿಸಿದಳು. "ಸ್ಪೇಸ್ ಬಲಗಡೆ ಇರೋ ಈ ಕೀ ಮುಟ್ಬೇಡ. ಮುಟ್ಟಿದ್ರೆ ಇಂಗ್ಲಿಷ್‌ಗೆ ತಿರುಗುತ್ತೆ" ಎಂದು ಹೇಳಿ ಕಾಲೇಜಿಗೆ ಹೋದಳು.

ಹೊಲಿಯುವವರ ಕಣ್ಣು ಎಲ್ಲಿರುತ್ತದೆ ಹೇಳಿ? ಸೂಜಿಯ ಮೇಲೆ. ಬಾನು ತಲೆ ಎತ್ತದೆ, ಬೆರಳನ್ನೇ ನೋಡುತ್ತ ಒಂದೊಂದೇ ಅಕ್ಷರ ಒತ್ತಿದಳು: ನಿನ್ನ ಅಮ್ಮನ ಅಳತೆ ಇನ್ನೂ ನನ್ನ ಕೈಯಲ್ಲಿದೆ. ನನಗೂ ಅಳು ಬರುತ್ತಿದೆ. ಎಂಟರ್ ಒತ್ತಿ ಕಳಿಸಿ ತಲೆ ಎತ್ತಿದರೆ, ಅಯ್ಯೋ ದೇವರೇ! ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹೆಬ್ಬೆರಳು ಯಾವಾಗಲೋ ಆ ಹಾಳು ಕೀಯನ್ನು ಮುಟ್ಟಿತ್ತು. ಅಳಿಸೋಣವೆಂದರೆ ಸೂನ್‌ಹೀ ನೋಡಿಯೂ ಆಗಿತ್ತು.

ಸಾವಿನ ಮನೆಗೆ ಹೋಗಿ ತಮಾಷೆ ಮಾಡಿ ಬಂದಂತಾಯಿತಲ್ಲ ಎಂದು ಬಾನು ಹಣೆ ಚಚ್ಚಿಕೊಂಡಳು. ಊಟ ಸೇರಲಿಲ್ಲ.

ಸಂಜೆ ಬಂದ ಮೆಹರೀನ್ ಮೊದಲು ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ಕುರ್ಚಿ ಎಳೆದುಕೊಟ್ಟಳು. "ಹೋಗ್ಲಿ ಬುಡು ಅಮ್ಮೀ, ಇನ್ನೊಂದ್ಸಲ ಬರಿ."

ಬಾನು ಉಳಿಕೆ ಬಟ್ಟೆಯಲ್ಲಿ ಆ ಕೀಗೆ ಪುಟ್ಟದೊಂದು ದಪ್ಪ ಟೋಪಿ ಹೊಲಿದು ತೊಡಿಸಿದಳು. "ಈಗ ಮುಟ್ಟು ನೋಡ್ತೀನಿ" ಎಂದು ತನ್ನ ಹೆಬ್ಬೆರಳನ್ನೇ ಗದರಿಸಿ ಮತ್ತೆ ಟೈಪ್ ಮಾಡಲು ಕೂತಳು. ಅಷ್ಟರಲ್ಲಿ ಸೂನ್‌ಹೀಯ ದನಿಯಲ್ಲೇ ಒಂದು ಸಂದೇಶ ಬಂತು. ಕನ್ನಡದಲ್ಲಿತ್ತು.

"ಬಾನು ಅಕ್ಕ, ಭಾಷೆ ಬದಲಿಸೋ ಆ ಕೀ ನಾವೂ ಮರೀತೀವಿ. ಕೊರಿಯನ್ ಇಟ್ಕೊಂಡು, ನೀವು ಒತ್ತಿದ ಕೀನೇ ನಾನು ಒಂದೊಂದಾಗಿ ಒತ್ತಿದೆ. ಎಲ್ಲಾ ನಮ್ಮ ಮಾತಾಯ್ತು. ನಿಮ್ಮ ಬೆರಳು ಹೋದ ಕಡೆಗೇ ನನ್ನ ಬೆರಳೂ ಹೋಯ್ತು ಅಕ್ಕ. ಅಷ್ಟು ಹೊತ್ತೂ ನೀವು ಪಕ್ಕದಲ್ಲೇ ಕೂತಿದ್ರಿ."