ಹೆಬ್ಬೂರಿಗೆ ಹೊರಟ ಸಿಪಾಯಿ

ಗುಬ್ಬಿಯಲ್ಲಿ ಕಂಪ್ಯೂಟರ್ ಮುಟ್ಟಬೇಕೆಂದರೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈ ತೊಳೆದು ಬರಬೇಕಿದ್ದ ಕಾಲವದು. ನಮ್ಮಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಎಂಟು ಟೈಪ್‌ರೈಟರುಗಳ ಪಕ್ಕ ಹೊಸದಾಗಿ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಅದಕ್ಕೆ ಅಮ್ಮ ಹಳೇ ಸೀರೆಯಲ್ಲಿ ಹೊಲಿದ ಕವರು ಬೇರೆ! ನಾನು ಏಳನೇ ಕ್ಲಾಸು ಮುಗಿಸಿದ್ದ ಬೇಸಿಗೆ ರಜೆ. ಮಧ್ಯಾಹ್ನ ಟೈಪಿಂಗ್ ಕಲಿಯುವವರೆಲ್ಲ ಊಟಕ್ಕೆ ಹೋದ ಮೇಲೆ, ರಿಬ್ಬನ್ ಶಾಯಿಯ ವಾಸನೆ ತುಂಬಿದ ಆ ಕೋಣೆ ನನ್ನದು ಮತ್ತು ಸವಿತಳದು.

ಸವಿತಾ ಪಕ್ಕದ ಮನೆಯವಳು, ನನ್ನದೇ ಕ್ಲಾಸು. ಫ್ರಾಕಿನ ಜೇಬಿನ ತುಂಬ ಹುರಿದ ಕಡಲೆಕಾಯಿ ತರುತ್ತಿದ್ದಳು. ಅವಳಿಗೆ ಗೇಮ್ ಆಡಲು ಬರುತ್ತಿರಲಿಲ್ಲ. ಮೊದಲನೇ ಹಳ್ಳಕ್ಕೇ ಬಿದ್ದು ಸಾಯುತ್ತಿದ್ದಳು. ಆದರೆ ಕಥೆ ಹೇಳಲು ಕೂತಳೆಂದರೆ ಅಬ್ಬಬ್ಬಾ! ಒಂದೇ ಷರತ್ತು, ಕೇಳುವವರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ನಿಮ್ಮ ಅಜ್ಜಿಯರೂ ಹೀಗೇ ಮಾಡಿಸಿರುತ್ತಾರೆ. ಸವಿತಾ ಅದನ್ನು ಹೆಬ್ಬೂರಿನ ತನ್ನ ಅಜ್ಜಿಯಿಂದ ಕಲಿತಿದ್ದಳು.

ನಮ್ಮ ಹತ್ತಿರ ಇದ್ದದ್ದು ಒಂದೇ ಗೇಮ್. ಸಿಪಾಯಿಯೊಬ್ಬ ಕತ್ತಿ ಹಿಡಿದು, ಕಾವಲುಗಾರರನ್ನು ಕೊಚ್ಚುತ್ತ ಕೋಟೆ ಹತ್ತುವುದು. ನಾನು ಅದನ್ನು ಪೂರ್ತಿ ಗೆದ್ದು ಬೀಗುತ್ತಿದ್ದ ದಿನ ಸವಿತಾ ಕೇಳಿದಳು:

"ಸತ್ನಲ್ಲ ಆ ಕಾವಲುಗಾರ, ಅವ್ರ ಮನೇಗೆ ಯಾರೇ ಹೇಳ್ತಾರೆ?"

"ಗೇಮ್ ಕಣೇ ಅದು. ಯಾರೂ ಹೇಳಲ್ಲ."

"ಥೂ, ಹಂಗಂದ್ರೆ ಹೆಂಗೆ? ಅವ್ನಿಗೂ ಅಮ್ಮ ಇರ್ತಾಳೆ. ಹೆಬ್ಬೂರಲ್ಲವ್ಳೆ. ಈ ಸಿಪಾಯೀನೇ ಹೋಗಿ ಹೇಳ್ಬೇಕು."

ಅಲ್ಲಿಂದ ಶುರುವಾಯಿತು. ಅಪ್ಪ ತುಮಕೂರಿನಿಂದ ತಂದ ಪತ್ರಿಕೆಯೊಂದರ ಜೊತೆ ಬಂದಿದ್ದ ಸೀಡಿಯಲ್ಲಿ ಗೇಮ್ ಮಾಡುವ ಸಾಫ್ಟ್‌ವೇರ್ ಇತ್ತು. ಸಿಪಾಯಿಯನ್ನೂ ಕೋಟೆಯನ್ನೂ ಹಳೇ ಗೇಮಿನಿಂದಲೇ ಕತ್ತರಿಸಿಕೊಂಡೆವು. ನಾಚಿಕೆಯೇನೂ ಆಗಲಿಲ್ಲ. ಕನ್ನಡ ಅಕ್ಷರ ಅದರೊಳಗೆ ಮೂಡುತ್ತಿರಲಿಲ್ಲ. ಸವಿತಾ ನಾಲಿಗೆ ಕಚ್ಚಿಕೊಂಡು ಮೌಸಿನಲ್ಲೇ ಒಂದೊಂದು ಅಕ್ಷರ ಬಿಡಿಸುತ್ತಿದ್ದಳು. ಕಥೆಯ ಒಂದು ಸಾಲು ಬಂದಾಗ ಆಡುವವರು ಸ್ಪೇಸ್ ಬಾರ್ ಒತ್ತಿ ಹೂಂ ಅನ್ನಬೇಕು, ಇಲ್ಲದಿದ್ದರೆ ಸಿಪಾಯಿ ಹೆಜ್ಜೆ ಎತ್ತುವುದಿಲ್ಲ. ಅದೂ ಅವಳದೇ ಹಟ. ಸಂಜೆ ಅಪ್ಪ ಕೀಬೋರ್ಡ್ ಮಗುಚಿ ಕಡಲೆಕಾಯಿ ಸಿಪ್ಪೆ ಉದುರಿಸುತ್ತ, "ಏನ್ರೇ ಇದು, ಇದ್ರೊಳಗೆ ಬಿತ್ತನೆ ಮಾಡಿದೀರಾ?" ಎಂದು ಬೈಯುತ್ತಿದ್ದರು.

ಅಂತೂ ಸಿಪಾಯಿ ಹೆಬ್ಬೂರು ಮುಟ್ಟಿದ. ಅವನು ಯಾರೆಂದು ತಿಳಿಯದೆ ಆ ತಾಯಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ಊಟವಾದ ಮೇಲೆ ಕೇಳಿದಳು, "ನನ್ ಮಗ ಅಲ್ಲೇ ಕೋಟೇಲಿ ಕಾವಲಿಗವ್ನೆ. ನೋಡಿದ್ಯೇನಪ್ಪಾ?"

ಸವಿತಾ ಅಲ್ಲಿಗೆ ನಿಲ್ಲಿಸಿದಳು. ಸಿಪಾಯಿ ಏನಂದ ಎಂದು ನಾನು ಪ್ರಾಣ ತಿಂದೆ.

"ನಂಗೊತ್ತು ಅವ್ನು ಏನಂದ ಅಂತ. ಎಕ್ಸಿಬಿಷನ್ ಮುಗೀಲಿ, ಹೇಳ್ತೀನಿ."

ಶಾಲೆ ಶುರುವಾಗುವ ಮುಂಚಿನ ವಾರ ತುಮಕೂರಿನ ಕಾಲೇಜೊಂದರಲ್ಲಿ ಮಕ್ಕಳ ಕಂಪ್ಯೂಟರ್ ಎಕ್ಸಿಬಿಷನ್. ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋದರು. ಬಹುಮಾನ ಕೊಡಲು ಬಂದಿದ್ದ ಕನ್ನಡಕದ ಮೇಷ್ಟ್ರೊಬ್ಬರು ನಮ್ಮ ಗೇಮ್ ನೋಡಿ ಹುಬ್ಬು ಗಂಟಿಕ್ಕಿದರು.

"ಈ ಸಿಪಾಯಿ, ಕೋಟೆ, ಎಲ್ಲಾ ಬೇರೆ ಗೇಮಿಂದ ಕದ್ದಿರೋದು. ಇದ್ರಲ್ಲಿ ನಿಮ್ದು ಅಂತ ಏನಿದೆ?"

ಸುತ್ತ ಜನ. ಅಪ್ಪನ ಮುಖ ಇಷ್ಟೇ ಇಷ್ಟಾಯಿತು.

"ಕಥೆ ಸರ್. ಹೂಂ ಅಂದ್ರೇನೇ ಅವ್ನು ನಡೆಯೋದು," ಎಂದೆ.

ಅವರು ಒಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಕುರ್ಚಿ ಎಳೆದುಕೊಂಡು ಕೂತು ಹೆಬ್ಬೂರಿನವರೆಗೂ ಹೋದರು. ಅಪ್ಪನ ಕಡೆ ತಿರುಗಿ, "ಇಂಥದ್ದು ನಾನೆಲ್ಲೂ ನೋಡಿಲ್ಲ ಕಣ್ರೀ," ಎಂದವರು ನಮ್ಮನ್ನು ಕೇಳಿದರು, "ಯಾರ್ದಮ್ಮ ಐಡಿಯಾ?"

"ನಂದೇ ಸರ್. ಕಥೇನೂ ನಂದೇ. ಇವ್ಳು ಅಕ್ಷರ ಬರ್ದುಕೊಟ್ಳು."

ಸವಿತಾ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಬಹುಮಾನವಾಗಿ ಕೊಟ್ಟ ಸ್ಟೀಲಿನ ಡಬ್ಬಿಯನ್ನು ನಾನೇ ಇಸಿದುಕೊಂಡೆ.

ಗುಬ್ಬಿ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಳು. ನಾನೋ ಭಂಡಿ, ಏನೂ ಆಗದವಳ ಹಾಗೆ, "ಈಗ ಹೇಳೇ, ಸಿಪಾಯಿ ಏನಂದ?" ಎಂದು ಕೇಳಿದೆ.

"ಕಥೆ ನಿಂದಲ್ವಾ? ನೀನೇ ಹೇಳ್ಕೋ."

ಮುಂದಿನ ಸೀಟಿನಲ್ಲಿ ಅಪ್ಪ ಯಾರಿಗೋ ನನ್ನನ್ನು ಹೊಗಳುತ್ತಿದ್ದರು. ಆಗಲಾದರೂ ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಶಾಲೆ ಶುರುವಾದಾಗ ಅವಳು ಬೇರೆ ಬೆಂಚಿನಲ್ಲಿ ಕೂತಳು. ಮರುವರ್ಷ ಅವಳ ಅಪ್ಪನಿಗೆ ಕುಣಿಗಲ್ಲಿಗೆ ವರ್ಗವಾಯಿತು. ನಾನು ಕಥೆ ಮುಗಿಸೋಣವೆಂದು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಸಿಪಾಯಿ "ಇಲ್ಲಮ್ಮ, ನೋಡಿಲ್ಲ" ಎಂದು ಎದ್ದು ಹೋಗುತ್ತಿದ್ದ. ನನಗೆ ಬೇರೆ ಉತ್ತರ ಹೊಳೆಯಲೇ ಇಲ್ಲ.

ಆ ಕಂಪ್ಯೂಟರ್ ಎಂದೋ ಗುಜರಿಗೆ ಹೋಯಿತು, ಸೀಡಿಗೆ ಗೀರು ಬಿದ್ದು ಓಡದಾಯಿತು. ಅವುಗಳಿಗಾಗಿ ನನಗೆ ದುಃಖವಿಲ್ಲ. ಅಂಥ ಗೇಮುಗಳನ್ನು ಈಗಿನ ಮಕ್ಕಳು ಫೋನಿನಲ್ಲೇ ಮಾಡುತ್ತಾರೆ. ಆದರೆ ಸವಿತಳ ಹಾಗೆ ಸತ್ತ ಕಾವಲುಗಾರನ ಮನೆ ಹುಡುಕಿಕೊಂಡು ಹೋದವರನ್ನು ಮತ್ತೆ ಕಾಣಲಿಲ್ಲ.

ಹೋದ ವರ್ಷ ಕುಣಿಗಲ್ಲಿನ ಮದುವೆಯೊಂದರಲ್ಲಿ ಸಿಕ್ಕಳು. ಊಟದ ಸಾಲಿನಲ್ಲಿ ಪಕ್ಕ ಕೂತು, "ತಪ್ಪಾಯ್ತು ಕಣೇ," ಎಂದೆ.

"ಅಯ್ಯೋ ಬುಡೇ, ಏನೋ ಪ್ರೈಜ್ ಬಂದಿತ್ತಲ್ವಾ?" ಎಂದು ನಕ್ಕಳು.

"ಅಲ್ಲೇ, ಆ ಸಿಪಾಯಿ ಏನಂದ?"

"ಯಾವ ಸಿಪಾಯಿ?"

ನಾನು ಮೊದಲಿನಿಂದ ಹೇಳಿದೆ. ಕೋಟೆ, ಹೆಬ್ಬೂರು, ಮುದ್ದೆ, ಆ ತಾಯಿ ಕೇಳಿದ ಮಾತು. ಅವಳು ಎಲೆಯಲ್ಲಿದ್ದ ಅನ್ನ ಮರೆತು ಕೇಳಿದಳು.

"ಎಷ್ಟ್ ಚೆನ್ನಾಗಿದೆಯೇ! ನೀನ್ ಮಾಡಿದ್ದಾ?"

"ನಿಂದು ಕಣೇ. ಪೂರ್ತಿ ನಿಂದೇ," ಎಂದೆ.

"ಸುಮ್ನಿರೇ, ನಂಗೆಲ್ಲಿ ಬರುತ್ತೆ ಇಂಥವೆಲ್ಲ," ಎಂದು ಸವಿತಾ ನಕ್ಕು, ಬಡಿಸುವವನನ್ನು ಕರೆದು ನನ್ನೆಲೆಗೆ ಇನ್ನೊಂದಿಷ್ಟು ಪಾಯಸ ಹಾಕಿಸಿದಳು.